ಬಣ್ಣ ಬಿಡದ ಗಲಾಗಳು

ಯಾರಂಬಾ ಕಲಾಸಂಘದ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಈ ಬಿಸಿಲಲ್ಲೂ ಬಂದು ಕುಳಿತ ಸಭಿಕರೇ, ಮತ್ತು ಮೊದಲ ಸಾಲಿನಲ್ಲಿ ಹೊಸ ಕೋಟು ತೊಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನಮ್ಮ ಯಜಮಾನರೇ,

ನೆರಿಡಾ ಪಾಸ್ಕೋ ಎಂಬ ಅಚ್ಚಿನ ಕೆಲಸದವಳನ್ನು ಇಂದು ಸನ್ಮಾನಿಸುತ್ತಿದ್ದೀರಿ. ಸಂಕೋಚವಾಗುತ್ತಿದೆಯೇ? ಇಲ್ಲ. ಇಪ್ಪತ್ತೆರಡು ವರ್ಷ ಕಾದವಳು ಸಂಕೋಚ ಯಾಕೆ ಪಡಲಿ?

ಇಪ್ಪತ್ತೆರಡು ವರ್ಷದ ಹಿಂದೆ ಮಳೆ ಬಂದ ಮೇಲೆ ನಮ್ಮ ಯಜಮಾನರು ವಿಲ್ಫ್, ಗಣಿಯ ಬೇಲಿಯ ಮೇಲೆ ಕೂತ ಗಲಾ ಹಕ್ಕಿಗಳನ್ನು ಜಲವರ್ಣದಲ್ಲಿ ಬರೆದರು. ಎದೆ ತುಂಬ ಗುಲಾಬಿ. ಸಂಘ ಅದನ್ನು ಕೊಂಡು ಈ ಸಭಾಂಗಣದಲ್ಲೇ ತೂಗುಹಾಕಿತು. ಕಳಿಸುವ ಮೊದಲು ನಾನು ಇಪ್ಪತ್ತೈದು ಪ್ರತಿ ಅಚ್ಚು ಹಾಕಿದೆ. ಅಪ್ಪಟ ಹತ್ತಿಯ ಕಾಗದ, ಬಿಸಿಲಿಗೆ ಬಗ್ಗದ ಶಾಯಿ. ಆ ಗುಲಾಬಿಯನ್ನು ಹೊಂದಿಸಲು ಆರು ವಾರ ಹಿಡಿಯಿತು. ಇನ್ನು ಕಲಾವಿದರ ಪೆನ್ಸಿಲ್ ಸಹಿಯೊಂದು ಬೇಕಿತ್ತು.

"ನಕಲಿಗೆ ನಾನ್ಯಾಕೆ ಸಹಿ ಹಾಕ್ಲಿ? ಮೂರು ಬೇಸಿಗೆ ಕಂಡ್ರೆ ಹೆಚ್ಚು ಕಣೇ ಇದು. ನೀನೂ ಒಂದು ಗಲಾನೇ!" ಅಂದರು.

ನಮ್ಮಲ್ಲಿ ಗಲಾ ಎಂದರೆ ದಡ್ಡ ಶಿಖಾಮಣಿ ಎಂದೂ ಅರ್ಥವಷ್ಟೆ. ಸಂಘದಲ್ಲೂ ಒಬ್ಬರು "ಅಚ್ಚು ಹಾಕಿದ್ದನ್ನೆಲ್ಲ ಗೋಡೆಗೆ ಹಾಕೋಕಾಗತ್ತೇನಮ್ಮಾ?" ಅಂದರು. ಹೆಸರು ಹೇಳುವುದಿಲ್ಲ. ಅಧ್ಯಕ್ಷರು ಸ್ವಲ್ಪ ನೀರು ಕುಡಿಯಲಿ.

ಒಂದು ಹಾಳೆಯನ್ನು ನನ್ನ ಕೆಲಸದ ಕೋಣೆಯಲ್ಲಿ ಬಿಸಿಲು ಬೀಳುವ ಕಿಟಕಿಯೆದುರು ತೂಗುಹಾಕಿದೆ, ಉಳಿದವನ್ನು ಒಳಗಿಟ್ಟೆ. ವಿಲ್ಫ್ ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಒಂದೇ ಮೇಜಿನಲ್ಲಿ ಉಂಡೆವು, ಎಲ್ಲವನ್ನೂ ಮಾತಾಡಿದೆವು, ನನ್ನ ಕೆಲಸವೊಂದನ್ನು ಬಿಟ್ಟು. ಎಷ್ಟೋ ಸಲ ಒಬ್ಬಳೇ ಅತ್ತಿದ್ದೇನೆ. ಇರಲಿ, ಇದು ಸಂತೋಷದ ದಿನ.

ಕಳೆದ ವಾರ ಸಂಘದವರು ಮೂಲಚಿತ್ರವನ್ನೂ ಕಿಟಕಿಯೆದುರು ತೂಗುತ್ತಿದ್ದ ನನ್ನ ಹಾಳೆಯನ್ನೂ ಇಲ್ಲಿ ಅಕ್ಕಪಕ್ಕ ಇಟ್ಟರು. ಮಂಡಿನೋವಿನಿಂದ ಎಂಟು ವರ್ಷ ಈ ಮೆಟ್ಟಿಲು ಹತ್ತದಿದ್ದ ವಿಲ್ಫ್ ಬಂದರು. ಒಂದರಲ್ಲಿ ಹಕ್ಕಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಅದನ್ನು ನೋಡಿ ಇವರು ಕುಣಿಯುವುದೊಂದು ಬಾಕಿ.

"ನಾನು ಅವತ್ತೇ ಹೇಳ್ಲಿಲ್ವಾ, ನಕಲು ಮಾಸತ್ತೆ ಅಂತ? ಇದನ್ನ ನೋಡೇ, ಹೆಂಗೆ ಹೊಳೀತಿದೆ! ಇದು ನನ್ನ ಕೈ!"

ಅವರು ಬೆರಳಿಟ್ಟಿದ್ದು ನನ್ನ ಹಾಳೆಯ ಮೇಲೆ!

ಗೆದ್ದೆ, ಸಭಿಕರೇ, ಗೆದ್ದೆ! ಹೇಳಲು ನಾಲಿಗೆ ತುರಿಸಿತು. ಅಷ್ಟರಲ್ಲಿ ಕೆಳಗೆ 'ಅಚ್ಚು: ನೆರಿಡಾ ಪಾಸ್ಕೋ' ಎಂದಿದ್ದ ಚೀಟಿಯನ್ನು ಅವರೇ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ "ಪೆನ್ಸಿಲ್ ಕೊಡೇ" ಅಂದರು.

ಇಲ್ಲಿದ್ದ ಒಂದಕ್ಕೂ, ಮನೆಗೆ ಹೋಗಿ ಉಳಿದ ಇಪ್ಪತ್ತನಾಲ್ಕಕ್ಕೂ ಸಹಿ ಹಾಕಿದರು. ನಾನು ಹಾಳೆಗಳನ್ನು ಎತ್ತಿಡಲು ಹೋದರೆ ಕೈ ಹಿಡಿದು ನಿಲ್ಲಿಸಿದರು.

"ನಿನ್ನ ಹೆಸರೆಲ್ಲೇ? ನನ್ನ ಪಕ್ಕದಲ್ಲೇ ಬರಿ. ನೀನಿಲ್ದಿದ್ರೆ ನನ್ನ ಬಣ್ಣ ಎಲ್ಲಿ ಉಳೀತಿತ್ತು?"

ಬರೆದೆ. ದೊಡ್ಡದಾಗಿಯೇ ಬರೆದೆ!

ಕರೆದು ಗೌರವಿಸಿದ ಸಂಘಕ್ಕೆ, ಕೇಳಿದ ನಿಮಗೆ ಕೃತಜ್ಞತೆಗಳು. ಇಪ್ಪತ್ತೈದೂ ಹಿಂದಿನ ಗೋಡೆಯ ಮೇಲಿವೆ. ಹತ್ತಿರ ಹೋಗಿ, ಎರಡೂ ಹೆಸರು ಓದಿ. ನಮಸ್ಕಾರ.