ಕಳುವಾಗದ ಎರಡು ರ‍್ಯಾಮ್

ನನ್ನ ಹೆಸರು ಇರ್ಮೆಲಿ ತೊಲ್ವಾನೆನ್, ವಯಸ್ಸು 58, ಮರದ ಮನೆ ಹಾಗೂ ಹಬೆಸ್ನಾನದ ಸೌನಾಗಳ ನಕ್ಷೆ ಬಿಡಿಸುವ ಕಚೇರಿಯ ಒಡತಿ, ವಾಸ ಸತಾಮಕಾತು ಬೀದಿ, ಈಸಲ್ಮಿ, ಫಿನ್‌ಲ್ಯಾಂಡ್. ಕಳೆದ ಸೋಮವಾರ ನಾನು ಕೊಟ್ಟ ಕಳವಿನ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ, ಕಳವು ಆಗಿಯೇ ಇಲ್ಲ.

ನಮ್ಮ ಕಚೇರಿಯಲ್ಲಿ ಇರುವುದು ಇಬ್ಬರೇ. ನಾನು, ಮತ್ತು ಹತ್ತೊಂಬತ್ತು ವರ್ಷದಿಂದ ನನ್ನೆದುರಿನ ಮೇಜಿನಲ್ಲಿ ಕೂರುವ ತಾಯ್ಸ್ತೊ ಹೂಸ್ಕೊನೆನ್, ವಯಸ್ಸು 61. ನಕ್ಷೆಯ ಜೊತೆಗೆ ಕಂಪ್ಯೂಟರ್ ರಿಪೇರಿಯೂ ಅವರದೇ. ಬಾಗಿಲ ಕೀ ಇರುವುದು ನಮ್ಮಿಬ್ಬರ ಬಳಿ ಮಾತ್ರ.

ಜನವರಿ 9ರಂದು ನನಗೆ ಹೊಸ ಕಂಪ್ಯೂಟರ್ ಬಂತು. ಅದರಲ್ಲಿ ಹೊಸ ರ‍್ಯಾಮ್ ಎಂಬ ಮೆಮೊರಿ ಪಟ್ಟಿಗಳು ಎರಡಿದ್ದವು, ಇನ್ನೆರಡಕ್ಕೆ ಜಾಗ ಖಾಲಿಯಿತ್ತು. ನನ್ನ ಹಳೆಯ ಕಂಪ್ಯೂಟರ್‌ನ ಎರಡು ರ‍್ಯಾಮ್ ಕೂಡ ಅದೇ ಬಗೆಯವು, ಬಿಸಾಡುವುದು ಬೇಡ, ಖಾಲಿ ಜಾಗಕ್ಕೆ ಹಾಕೋಣ ಎಂದು ತಾಯ್ಸ್ತೊ ಹೇಳಿದರು. ವೇಗ ಸ್ವಲ್ಪ ಇಳಿದರೂ ದೊಡ್ಡ ನಕ್ಷೆ ಸಲೀಸಾಗಿ ತೆರೆಯುತ್ತದೆ ಎಂದೂ ಹೇಳಿದರು. ನಾನು ಹೂಂ ಎಂದೆ. ಮನಸ್ಸು ಒಪ್ಪಿರಲಿಲ್ಲ.

ಮರುದಿನದಿಂದಲೇ ಕಂಪ್ಯೂಟರ್ ಕೈಕೊಡತೊಡಗಿತು. ನಕ್ಷೆ ತೆರೆದರೆ ಸಾಕು, ಗಪ್ಪನೆ ನಿಲ್ಲುತ್ತಿತ್ತು. 17ರ ಶುಕ್ರವಾರ ಕಾಫಿ ಹೊತ್ತಿನಲ್ಲಿ ನಾನು, “ನಿನ್ನ ಆ ಹಳೇ ಸಾಮಾನಿನ ದೆಸೆಯಿಂದ ಹೊಸದೂ ಹಾಳಾಯ್ತು ನೋಡು,” ಎಂದೆ. ತಾಯ್ಸ್ತೊ ದಾಲ್ಚಿನ್ನಿ ಬನ್ನನ್ನು ಕಾಫಿಗೆ ಅದ್ದುತ್ತ, “ಯಾವುದು ಹಾಳಾಗಿದೆ ಅಂತ ನೋಡ್ಬೇಕು,” ಎಂದರು. ನಮ್ಮಲ್ಲಿ ಇಷ್ಟು ಮಾತಾದರೆ ಅದೇ ಜಗಳ.

20ರ ಸೋಮವಾರ ಬೆಳಿಗ್ಗೆ 7.40ಕ್ಕೆ ಬಂದು ಕಂಪ್ಯೂಟರ್ ಹಚ್ಚಿದೆ. ಅದು ನಿಲ್ಲಲಿಲ್ಲ, ಆದರೆ ಮೆಮೊರಿ ಮೂರರಲ್ಲಿ ಒಂದು ಪಾಲು ಮಾತ್ರ ತೋರಿಸಿತು. ಪಕ್ಕದ ಮುಚ್ಚಳ ಬಿಚ್ಚಿ ನೋಡಿದೆ. ಹಳೆಯವೆರಡು ಇದ್ದವು, ಹೊಸವೆರಡು ಇರಲಿಲ್ಲ. ಎಂಟು ಗಂಟೆಗೆ ತಾಯ್ಸ್ತೊ ಬಂದರು. ಬೂಟು ಕಳಚಿ, ಕಚೇರಿಯೊಳಗೆ ಹಾಕುವ ಉಣ್ಣೆಯ ಚಪ್ಪಲಿ ಮೆಟ್ಟಿ, “ಇವತ್ತು ಹಿಮ ಬೀಳೋ ಹಾಗಿದೆ,” ಎಂದರು. ನಾನು ಹೌದು ಎಂದೆ.

ನಮ್ಮಿಬ್ಬರ ಮಧ್ಯೆ ಎರಡು ಮೀಟರ್ ಅಂತರ. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದರೆ ಕಳ್ಳ ಎಂದು ಮುಖದ ಮೇಲೆ ಹೇಳಿದಂತಾಗುತ್ತದೆ ಎಂದು ಸುಮ್ಮನಾದೆ. ಅವರ ಮರ್ಯಾದೆ ಉಳಿಸಲೆಂದೇ, ಯಾರ ಮೇಲೂ ಅನುಮಾನವಿಲ್ಲ ಎಂದು ನಮೂದಿಸಿ, ಅವರೆದುರೇ ಕೂತು ಪೊಲೀಸರ ಜಾಲತಾಣದಲ್ಲಿ ದೂರು ಕೊಟ್ಟೆ. ಕೀ ಯಾರ್‍ಯಾರ ಬಳಿ ಇದೆ ಎಂಬಲ್ಲಿ ಮಾತ್ರ ಇಬ್ಬರ ಹೆಸರೂ ಹಾಕಬೇಕಾಯಿತು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ತಿಳಿಯದು.

22ರ ಬುಧವಾರ ಹಿರಿಯ ಕಾನ್‌ಸ್ಟೆಬಲ್ ಪೈವಿ ಲಾಮ್ಮಿ ಕಚೇರಿಗೆ ಬಂದು ತಾಯ್ಸ್ತೊ ಅವರನ್ನು ವಿಚಾರಿಸಿದರು. ತಾಯ್ಸ್ತೊ ನನ್ನ ಕಡೆ ತಿರುಗಿ, “ದೂರು ಕೊಟ್ಟಿದ್ದು ನೀನಾ?” ಎಂದು ಕೇಳಿದರು. ನಾನು ಕಾಫಿ ಲೋಟ ನೋಡುತ್ತ ಕೂತೆ.

ಶನಿವಾರ ತಾನೊಬ್ಬನೇ ಕಚೇರಿಗೆ ಬಂದು ಹಳೆಯ ರ‍್ಯಾಮ್‌ಗಳನ್ನು ಪರೀಕ್ಷಿಸಿದ್ದಾಗಿ, ಅವೆರಡೂ ಸರಿಯಿದ್ದುದಾಗಿ ತಾಯ್ಸ್ತೊ ತಿಳಿಸಿದರು. ನನ್ನ ಕೆಲಸ ನಿಲ್ಲಬಾರದೆಂದು ಅವನ್ನು ಅಲ್ಲೇ ಬಿಟ್ಟು, ಹೊಸವನ್ನು ಮನೆಗೆ ಒಯ್ದು ಒಂದೊಂದಾಗಿ ನೋಡಿದಾಗ ಒಂದರಲ್ಲಿ ದೋಷ ಸಿಕ್ಕಿತೆಂದೂ, ಅದನ್ನು ಅಂಗಡಿಗೆ ವಾಪಸ್ ಕಳಿಸಿದ್ದಾಗಿಯೂ ಹೇಳಿದರು. “ಬದಲಿ ಬಂದ್ಮೇಲೆ ಹಾಕಿ ಹೇಳೋಣ ಅಂತಿದ್ದೆ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಕೇಳ್ಲಿಲ್ಲವಲ್ಲ,” ಎಂದರು. ಚೀಲದಿಂದ ಒಳ್ಳೆಯ ರ‍್ಯಾಮ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕಚೇರಿಯ ಕೀ ಇಟ್ಟರು. ಬೂಟು ಹಾಕಿಕೊಂಡು, ಉಣ್ಣೆಯ ಚಪ್ಪಲಿಯನ್ನು ಚೀಲಕ್ಕೆ ತುಂಬಿಕೊಂಡರು. ಆ ಚಪ್ಪಲಿ ಈವರೆಗೆ ಒಂದು ದಿನವೂ ಮನೆಗೆ ಹೋದದ್ದಲ್ಲ.

ಇಂದು ಬೆಳಿಗ್ಗೆ ಬದಲಿ ರ‍್ಯಾಮ್ ಅಂಚೆಯಲ್ಲಿ ಬಂತು. ನಾನೇ ಕೂರಿಸಿದೆ. ಹಳೆಯವೆರಡು, ಹೊಸವೆರಡು, ನಾಲ್ಕೂ ಸೇರಿ ಅತಿ ದೊಡ್ಡ ನಕ್ಷೆಯನ್ನೂ ತಡೆಯಿಲ್ಲದೆ ತೆರೆದವು. ಎದುರಿನ ಕುರ್ಚಿ ಖಾಲಿಯಿತ್ತು. ನಾನು ಅತ್ತುಬಿಟ್ಟೆ.

ಆದ್ದರಿಂದ ಠಾಣೆಗೆ ಬಂದು ದೂರನ್ನು ಹಿಂಪಡೆಯುತ್ತಿದ್ದೇನೆ. ಈ ಹೇಳಿಕೆಯನ್ನು ಪೊಲೀಸರೇ ತಾಯ್ಸ್ತೊ ಅವರಿಗೆ ಮುಟ್ಟಿಸಬೇಕೆಂದು ಕೋರಿದೆ. ಕಾನ್‌ಸ್ಟೆಬಲ್ ಲಾಮ್ಮಿ, “ಅದು ನಮ್ಮ ಕೆಲಸ ಅಲ್ಲ. ಅವರ ಮನೆ ಇಲ್ಲಿಂದ ನಾನೂರು ಮೀಟರ್. ನೀವೇ ಹೋಗಿ ಹೇಳ್ಬಹುದಲ್ಲ,” ಎಂದರು. ಹಾಗಾದರೆ, ಇಲ್ಲಿಂದ ನೇರ ಅವರ ಮನೆಗೆ ಹೋಗಿ, “ತಪ್ಪಾಯ್ತು ತಾಯ್ಸ್ತೊ, ಚಪ್ಪಲಿ ತಗೊಂಡು ವಾಪಸ್ ಬಾ,” ಎಂದು ಹೇಳುತ್ತೇನೆ, ಅದನ್ನೂ ಬರೆದುಕೊಳ್ಳಿ ಎಂದೆ. ಪ್ರಕರಣಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವರು ಕೇಳಿದರು. ಬರೆಸಿ ಸಹಿ ಹಾಕಿದ ಮೇಲೆ ಹೋಗದಿದ್ದರೆ ಪೊಲೀಸರಿಗೆ ಸುಳ್ಳು ಹೇಳಿದಂತಾಗುತ್ತದೆ, ನನಗೆ ಅಷ್ಟು ಹೆದರಿಕೆಯಾದರೂ ಬೇಕು ಎಂದೆ. ಅವರು ಬರೆದುಕೊಂಡರು.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಇದರಲ್ಲಿರುವುದೆಲ್ಲ ನಡೆದದ್ದೇ. ತಾಯ್ಸ್ತೊ ಮನೆಗೆ ಹೋಗುತ್ತೇನೆ ಎಂಬ ಮಾತೊಂದು ಮಾತ್ರ ಇನ್ನು ನಡೆಯಬೇಕಿದೆ.

ಸ್ಥಳ: ಈಸಲ್ಮಿ
ದಿನಾಂಕ: 23-1-2025, ಮಧ್ಯಾಹ್ನ 3.10
ಸಹಿ: ಇರ್ಮೆಲಿ ತೊಲ್ವಾನೆನ್