ಮೂರನೇ ಸಾಲಿನ ಹೆಸರು

ಬೆಳಗಾವಿಯ ನಿಲ್ದಾಣದಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತಿದ್ದ ಸುಮಿತನ ಬೆನ್ನ ಹಿಂದೆ ತಾಯಿ ಮಗಳು ಕುಳಿತಿದ್ದರು. ಮಗಳ ಅಂಗಿಯ ಮೇಲೆ ಜಿಲ್ಲಾ ಕ್ರೀಡಾಕೂಟದ ನಂಬರು ಇನ್ನೂ ಹಾಗೇ ಇತ್ತು.

“ಸೆಮಿಫೈನಲ್‌ನ್ಯಾಗ ಎಲ್ಲಾರಿಗಿಂತ ಮುಂದಿದ್ದಿ. ಗೆರಿ ಹತ್ರ ಬಂದು ಯಾಕ ಸಾವಕಾಶ ಆದಿ, ಪ್ರಮಿಳಾ?”

“ಕಾಲು ಹಿಡೀತು.”

“ನಿನ್ನ ಹಡದಾಕಿ ನಾನು. ಖರೇ ಹೇಳು.”

“ನೂರು ಮೀಟರಿನ ದಾಖಲೆ ಅಕ್ಕಂದು ಐತಿ. ನಾ ಮುರದ್ರ ಮೈದಾನದ ಹಲಗ್ಯಾಗ ಆಕಿ ಹೆಸರಿಗೆ ಬಣ್ಣ ಹೊಡದು ನನ್ನ ಹೆಸರು ಬರೀತಾರ. ಅಕ್ಕ ತೀರಿಕೊಂಡ ಮ್ಯಾಲ ನೀ ಬಂದಾಗೆಲ್ಲಾ ಅದನ್ನ ಮುಟ್ಟಿ ನೋಡ್ತಿ.”

ತಾಯಿ ಮಗಳ ಅಂಗಿಯ ನಂಬರನ್ನು ಬೆರಳಿನಿಂದ ಸವರಿದಳು.

“ನೂರು ಮೀಟರಿನಾಗ ಜಗತ್ತಿನ ದಾಖಲೆ ಮಾಡಿದ ಅಮೆರಿಕದ ಆ ಓಟಗಾರ್ತಿ ಸತ್ತು ಭಾಳ ವರ್ಷ ಆತು ಅಂದಿದ್ದಿ.”

“ಹೂಂ. ಆಕಿ ದಾಖಲೆ ಇನ್ನೂ ಯಾರೂ ಮುರದಿಲ್ಲ.”

“ಮುರೀಬಾರದಂತ ಯಾರರ ಸಾವಕಾಶ ಓಡ್ಯಾರೇನು?”

“ಇಲ್ಲವ್ವ.”

“ಮತ್ತ? ನನಗ ಓದಾಕ ಬರೂದಿಲ್ಲ. ಹಲಗ್ಯಾಗ ಮ್ಯಾಲಿಂದ ಮೂರನೇ ಸಾಲು ನಿಮ್ಮ ಅಕ್ಕ ಲಕ್ಷ್ಮೀದು, ಅಷ್ಟ ಗೊತ್ತು. ನಾಳಿ ಫೈನಲ್‌ನ್ಯಾಗ ಪೂರಾ ಓಡು. ಬಣ್ಣದ ಕೆಳಗ ಆಕಿ, ಮ್ಯಾಲ ನೀನು. ಕೈ ಇಟ್ಟರ ಇಬ್ಬರೂ ಸಿಗ್ತೀರಿ.”

ಮಗಳು ಮುಖ ಒರೆಸಿಕೊಂಡಳು. ಬಸ್ಸು ತಿರುಗಿ ಬರುತ್ತಿದ್ದಂತೆ ಜನ ಬಾಗಿಲಿಗೆ ನುಗ್ಗಿದರು.

“ಹೋಗು, ಸೀಟು ಹಿಡಿ,” ಎಂದಳು ತಾಯಿ.

ಪ್ರಮಿಳಾ ಓಡಿದಳು. ಈ ಸಲ ಎಲ್ಲಿಯೂ ವೇಗ ತಗ್ಗಿಸಲಿಲ್ಲ.