ಅತ್ತೆಯ ಮಂಡಿ ಮೆಷಿನ್ನು

ಚಳಿಗಾಲದ ಬೆಳಗ್ಗೆ, ಬಿಸಿಲಿನ್ನೂ ಕಿಟಕಿಗೆ ಬಂದಿರಲಿಲ್ಲ. ಹೆರಿಗೆ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅತ್ತೆ, ತುಂಬು ಬಸುರಿ ಸೊಸೆ. ಸೊಸೆಯ ಸೊಂಟಕ್ಕೆ ಅಂಟಿಸಿದ ಪಟ್ಟಿಗಳಿಂದ ತಂತಿ ಇಳಿದು, ಕೈಯಲ್ಲಿದ್ದ ನೋವು ತಗ್ಗಿಸುವ ಪುಟ್ಟ ಕರೆಂಟ್ ಮೆಷಿನ್ನಿಗೆ ಸೇರಿತ್ತು.

"ಬಿಚ್ಚೇ ಅದನ್ನ. ನಾವೆಲ್ಲ ನೋವು ತಿಂದೇ ಹೆತ್ತಿದ್ದು."

"ಬಿಚ್ಚಲ್ಲ ಅತ್ತೆ. ಡಾಕ್ಟರಮ್ಮನೇ ಒಪ್ಪಿದ್ದಾರೆ."

"ನನ್ನ ಮಂಡಿಗೆ ತಂದಿದ್ದು ಕಣೇ ಅದು!"

"ನಿಮ್ಮ ಮಂಡಿಗೊಂದು ನ್ಯಾಯ, ನನ್ನ ಸೊಂಟಕ್ಕೊಂದಾ?"

ಅಷ್ಟರಲ್ಲಿ ನೋವು ಬಂತು. ಸೊಸೆ ಬೆಂಚನ್ನು ಬಿಗಿಯಾಗಿ ಹಿಡಿದಳು.

"ಗುಂಡಿ ಒತ್ತೇ, ಇನ್ನೂ ಜೋರು ಮಾಡು!" ಎಂದರು ಅತ್ತೆ.

ನರ್ಸು ಬಾಗಿಲಿಗೆ ಬಂದಳು. "ಅದನ್ನೆಲ್ಲ ಬಿಚ್ಚಿಟ್ಟು ಬನ್ನಿ. ಇಷ್ಟು ತಡ್ಕೊಳ್ಳೋಕಾಗಲ್ವಾ?"

"ಬಿಚ್ಚಲ್ಲ ಕಣಮ್ಮ," ಅತ್ತೆ ಎದ್ದು ನಿಂತರು. "ಇವಳ ಪಾಲಿನ ನೋವನ್ನೂ ನಾನೇ ತಿಂದಾಗಿದೆ."

ಮೆಷಿನ್ನನ್ನು ತಾವೇ ಹಿಡಿದುಕೊಂಡು, ಸೊಸೆಯನ್ನು ನಡೆಸಿಕೊಂಡು ಒಳಗೆ ಹೋದರು.